ದಂಡ ಕಟ್ಟಿದರೆ ಮುಗಿಯಿತೇ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಕಂಪ್ಯೂಟರ್ ಕ್ಷೇತ್ರದಲ್ಲಿರುವುದರಿಂದ ಆ ಬಗ್ಗೆಯೇ ಮಾತನಾಡಲಿ ಎಂದು ಸಮಿತಿಯವರು ಹೇಳಿದ್ದರು. ಆ ವಿಷಯ ಮಾತನಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಊರಿನಿಂದ ಪ್ರತಿವರ್ಷ ಹತ್ತಾರು ಹುಡುಗ ಹುಡುಗಿಯರು ಪಿಯುಸಿ, ಡಿಪ್ಲೊಮಾ, ಬಿ.ಇ. ಎಂದು ಬೆಂಗಳೂರು, ಮೈಸೂರು, ಮಂಗಳೂರಿಗೆ ಹೋಗುತ್ತಿದ್ದಾರೆ. ಅವರ ಅಪ್ಪ ಅಮ್ಮ ನನ್ನಂಥವರಿಗೆ ಫೋನ್ ಮಾಡಿ, "ನಮ್ಮ ಹುಡುಗನ ಮೇಲೆ ಒಂದು ಕಣ್ಣಿಡಪ್ಪ" ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವ ಭಯ ಒಂದೇ, ಬಾಯಿ ಬಿಟ್ಟು ಹೇಳುವುದಿಲ್ಲ. ಆ ಭಯದ ಹೆಸರನ್ನು ಇವತ್ತು ನಾನೇ ಹೇಳಿಬಿಡುತ್ತೇನೆ: ಗಾಂಜಾ.

ಗಾಂಜಾ ಸೇದಿದರೆ ಶ್ವಾಸಕೋಶಕ್ಕೆ ಏನಾಗುತ್ತದೆ, ಮೆದುಳಿಗೆ ಏನಾಗುತ್ತದೆ ಎಂಬುದನ್ನು ವೈದ್ಯರು ಹೇಳಬೇಕು. ನಾನು ಹೇಳುವುದು ಬೇರೆ. 18 ದಾಟಿದ ಒಬ್ಬ ಹುಡುಗ ಮೊದಲ ಬಾರಿಗೆ, ಸ್ವಲ್ಪವೇ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ ಕಾನೂನಿನಲ್ಲಿ ಏನಾಗುತ್ತದೆ? ನಾನು ವಕೀಲನಲ್ಲ. ಆದರೆ ಪರಿಚಿತರ ಮಕ್ಕಳ ಸಲುವಾಗಿ ಕೋರ್ಟಿನ ವರಾಂಡದಲ್ಲಿ ನಿಂತಿದ್ದೇನೆ, ಕಾಯ್ದೆಯನ್ನು ಓದಿದ್ದೇನೆ, ವಕೀಲರನ್ನು ಕೇಳಿ ತಿಳಿದುಕೊಂಡಿದ್ದೇನೆ. ಅಲ್ಲಿ ನಿಂತಾಗ ನನಗೆ ಕಂಡದ್ದು ಇದು: ಹುಡುಗರಿಗೂ ಹೆತ್ತವರಿಗೂ ಶಿಕ್ಷೆಯ ಬಗ್ಗೆ ಇರುವ ಭಯ ದೊಡ್ಡದು, ಶಿಕ್ಷೆಯ ಬಗ್ಗೆ ಇರುವ ತಿಳಿವಳಿಕೆ ಚಿಕ್ಕದು.

ಮೊದಲು ಕಾಯ್ದೆ. ಇದರ ಪೂರ್ಣ ಹೆಸರು ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, 1985. ಎಲ್ಲರೂ ಎನ್‌ಡಿಪಿಎಸ್ ಎಂದೇ ಕರೆಯುತ್ತಾರೆ. 1985ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಇಲ್ಲಿರುವ ಕೆಲವು ಹಿರಿಯರು, "ನಮ್ಮ ಕಾಲದಲ್ಲಿ ಬೈರಾಗಿಗಳು, ಸಾಧುಗಳು ಕಟ್ಟೆಯ ಮೇಲೆ ಕೂತೇ ಚಿಲುಮೆ ಸೇದುತ್ತಿದ್ದರಲ್ಲ" ಎನ್ನಬಹುದು. ನಿಜ. ಹಿಂದೆ ಅದು ಅಬಕಾರಿ ಇಲಾಖೆಯ ವ್ಯವಹಾರವಾಗಿತ್ತು. 1985ರ ನಂತರ ಅದು ದೇಶದ ಅತ್ಯಂತ ಬಿಗಿಯಾದ ಕ್ರಿಮಿನಲ್ ಕಾನೂನುಗಳಲ್ಲಿ ಒಂದರೊಳಗೆ ಬಂತು. ಜಾತ್ರೆಯಲ್ಲಿ ಸಿಕ್ಕಿತು, ಪ್ರಸಾದವೆಂದು ಕೊಟ್ಟರು ಎಂದರೆ ಆ ಕಾಯ್ದೆ ಒಪ್ಪುವುದಿಲ್ಲ.

ನಗರದ ಹುಡುಗರು ಇದನ್ನು "ಸೊಪ್ಪು" ಎನ್ನುತ್ತಾರೆ. ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. ಹಾಗೆಂದು ಎಲೆಗೆ ರಹದಾರಿ ಇದೆ ಎಂದು ತಿಳಿಯಬೇಡಿ, ಅಬಕಾರಿ ಕಾನೂನು ಬೇರೆಯೇ ಇದೆ. ಗಿಡದ ಅಂಟಿನಿಂದ ಮಾಡುವ ಚರಸ್‌ಗೆ ಲೆಕ್ಕ ಇನ್ನೂ ಬಿಗಿ.

ಲೆಕ್ಕ ಎಂದೆನಲ್ಲ, ಈ ಕಾಯ್ದೆ ನಡೆಯುವುದೇ ತಕ್ಕಡಿಯ ಮೇಲೆ. 2001ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಗಾಂಜಾ 1 ಕೆ.ಜಿ.ವರೆಗೆ "ಅಲ್ಪ ಪ್ರಮಾಣ", 20 ಕೆ.ಜಿ.ಗಿಂತ ಹೆಚ್ಚಾದರೆ "ವಾಣಿಜ್ಯ ಪ್ರಮಾಣ", ನಡುವಿನದು ಮಧ್ಯಮ. ಚರಸ್‌ಗಾದರೆ ಅಲ್ಪ ಪ್ರಮಾಣ 100 ಗ್ರಾಂ, ವಾಣಿಜ್ಯ ಪ್ರಮಾಣ 1 ಕೆ.ಜಿ. ಪಾರ್ಟಿಗಳಲ್ಲಿ ಓಡಾಡುವ ಎಂಡಿಎಂಎ ಮಾತ್ರೆಗೆ ಅಲ್ಪ ಪ್ರಮಾಣ ಬರೀ ಅರ್ಧ ಗ್ರಾಂ, 10 ಗ್ರಾಂ ದಾಟಿದರೆ ವಾಣಿಜ್ಯ. "ಗಾಂಜಾಕ್ಕೆ ಒಂದು ಕೆ.ಜಿ. ತನಕ ಏನೂ ಆಗಲ್ಲ, ಇದಕ್ಕೂ ಹಾಗೇ" ಎಂದು ಯಾರಾದರೂ ಹುಡುಗನ ಕಿವಿಯಲ್ಲಿ ಊದಿದರೆ, ಆ ಮಾತಿನ ಎರಡು ಭಾಗವೂ ಸುಳ್ಳು.

ಕಲಂ 20ರಲ್ಲಿ ಶಿಕ್ಷೆ ಹೀಗಿದೆ. ಅಲ್ಪ ಪ್ರಮಾಣಕ್ಕೆ 1 ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಧ್ಯಮ ಪ್ರಮಾಣಕ್ಕೆ 10 ವರ್ಷದವರೆಗೆ ಸಜೆ ಮತ್ತು 1 ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ 10 ವರ್ಷಕ್ಕೆ ಕಡಿಮೆಯಿಲ್ಲದಂತೆ 20 ವರ್ಷದವರೆಗೆ ಸಜೆ, ದಂಡ 1 ಲಕ್ಷದಿಂದ 2 ಲಕ್ಷ. ಇದು ಇಟ್ಟುಕೊಂಡದ್ದಕ್ಕೆ. ಸೇದಿದ್ದಕ್ಕೆ ಕಲಂ 27 ಬೇರೆ ಇದೆ: ಗಾಂಜಾ ಆದರೆ 6 ತಿಂಗಳವರೆಗೆ ಸಜೆ, ಅಥವಾ 10,000ದವರೆಗೆ ದಂಡ, ಅಥವಾ ಎರಡೂ.

ಈಗ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ. ವಯಸ್ಸು 19, ಎರಡನೇ ವರ್ಷದ ಎಂಜಿನಿಯರಿಂಗ್. ಪಿ.ಜಿ. ಕೋಣೆಯಲ್ಲಿ ಮೂವರು. ಒಂದು ರಾತ್ರಿ ಪೊಲೀಸರು ಬಂದರು, ಇವನ ಬ್ಯಾಗಿನಲ್ಲಿ 40 ಗ್ರಾಂ ಪೊಟ್ಟಣ ಸಿಕ್ಕಿತು.

ಮೈ ತಪಾಸಣೆ ಮಾಡುವುದಾದರೆ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆಯಾಗಲಿ ಎಂದು ಕೇಳುವ ಹಕ್ಕು ಅವನಿಗಿದೆ, ಅದನ್ನು ಪೊಲೀಸರೇ ಅವನಿಗೆ ತಿಳಿಸಬೇಕು. ಕಲಂ 50 ಹೀಗೆ ಹೇಳುತ್ತದೆ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠಗಳು 1999ರಲ್ಲೂ 2010ರಲ್ಲೂ ಇದನ್ನು ಒತ್ತಿ ಹೇಳಿವೆ. ಆದರೆ ಈ ರಕ್ಷಣೆ ಮೈ ತಪಾಸಣೆಗೆ ಮಾತ್ರ, ಕೈಯಲ್ಲಿದ್ದ ಬ್ಯಾಗಿಗೆ ಅಲ್ಲ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಮಹಿಳೆಯೇ ಮಾಡಬೇಕು. ಪಂಚರ ಎದುರು ಮಹಜರು ಆಗುತ್ತದೆ. ಅದರಲ್ಲಿ ಏನು ಬರೆದಿದ್ದಾರೆಂದು ಓದದೆ ಸಹಿ ಹಾಕಬಾರದು.

ಅಲ್ಪ ಪ್ರಮಾಣದ ಅಪರಾಧಕ್ಕೆ ಗರಿಷ್ಠ ಶಿಕ್ಷೆ 1 ವರ್ಷ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನವೇ ನಿಯಮವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35ರಂತೆ ನೋಟಿಸ್ ಕೊಟ್ಟು ಕರೆಸಬಹುದು. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇಷ್ಟು ಪ್ರಮಾಣಕ್ಕೆ ಸಾಮಾನ್ಯವಾಗಿ ಜಾಮೀನು ಸಿಗುತ್ತದೆ. ಊರಿನಿಂದ ಯಾರಾದರೂ ಪಹಣಿ, ಆಧಾರ್ ಹಿಡಿದುಕೊಂಡು ಶ್ಯೂರಿಟಿ ನಿಲ್ಲಲು ಹೋಗಬೇಕಾಗುತ್ತದೆ. ವಾಣಿಜ್ಯ ಪ್ರಮಾಣವಾದರೆ ಕಲಂ 37ರ ಕಟ್ಟುಪಾಡು ಅಡ್ಡ ಬರುತ್ತದೆ. ಆರೋಪಿ ತಪ್ಪಿತಸ್ಥನಲ್ಲ, ಹೊರಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂದು ನಂಬಲು ಆಧಾರವಿದೆ ಎಂದು ನ್ಯಾಯಾಲಯಕ್ಕೇ ಅನ್ನಿಸಬೇಕು. ಅಲ್ಲಿ ಜಾಮೀನು ವರ್ಷಗಟ್ಟಲೆ ಸಿಗದಿರಬಹುದು.

ನಮ್ಮ ಹುಡುಗ ಜಾಮೀನಿನ ಮೇಲೆ ಬಂದ. ಕೆಲವು ತಿಂಗಳ ಮೇಲೆ ಪ್ರಯೋಗಾಲಯದ ವರದಿ ಬಂತು, ಆರೋಪಪಟ್ಟಿ ಬಂತು. ಕೋರ್ಟಿನ ಆವರಣದಲ್ಲಿ ಯಾರೋ ಒಬ್ಬರು ಅಪ್ಪನ ಕಿವಿಯಲ್ಲಿ ಹೇಳುತ್ತಾರೆ: "ಸುಮ್ಮನೆ ಯಾಕೆ ಎಳೆದಾಡ್ತೀರಿ ಗೌಡ್ರೇ, ತಪ್ಪಾಯ್ತು ಅಂತ ಒಪ್ಕೊಳ್ಳಲಿ, ಸಾಹೇಬರು ಐದು ಸಾವಿರವೋ ಹತ್ತು ಸಾವಿರವೋ ದಂಡ ಹಾಕ್ತಾರೆ, ಕಟ್ಟಿದ್ರೆ ಇವತ್ತೇ ಮುಗೀತು." ಅಪ್ಪನಿಗೆ ಇದು ದೇವರೇ ಬಂದು ಹೇಳಿದಂತೆ ಕೇಳುತ್ತದೆ. ಬಸ್ಸಿನ ಖರ್ಚು, ಕೂಲಿ ನಷ್ಟ, ಊರಿನವರ ಪ್ರಶ್ನೆ ಎಲ್ಲವೂ ಒಂದೇ ದಿನಕ್ಕೆ ತೀರುತ್ತದಲ್ಲ.

ನನ್ನ ಇಡೀ ಭಾಷಣದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಪ್ರಕರಣ ಮುಗಿಯುತ್ತದೆ, ಆದರೆ ಹುಡುಗ "ಶಿಕ್ಷಿತ ಅಪರಾಧಿ" ಆಗುತ್ತಾನೆ. ಅದು ಹೆಲ್ಮೆಟ್ ಹಾಕದ್ದಕ್ಕೆ ಕಟ್ಟಿದ ದಂಡದಂತಲ್ಲ.

"ಮೊದಲ ತಪ್ಪು, ಚಿಕ್ಕ ವಯಸ್ಸು, ಬುದ್ಧಿವಾದ ಹೇಳಿ ಬಿಡುವುದಿಲ್ಲವೇ?" ಎಂದು ನೀವು ಕೇಳಬಹುದು. ಬೇರೆ ಅನೇಕ ಸಣ್ಣ ಅಪರಾಧಗಳಲ್ಲಿ ಹಾಗೆ ಬಿಡುವ ದಾರಿ ಇದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇರುವುದೇ ಅದಕ್ಕೆ, 21 ವರ್ಷದೊಳಗಿನವರಿಗೆ ಅದರಲ್ಲಿ ವಿಶೇಷ ಕಾಳಜಿ ಇದೆ. ಆದರೆ ಎನ್‌ಡಿಪಿಎಸ್ ಕಾಯ್ದೆಯ ಕಲಂ 33 ಆ ಬಾಗಿಲನ್ನು ಮುಚ್ಚಿದೆ. 18ರೊಳಗಿನವರಿಗೆ, ಮತ್ತು ಸೇವನೆಯ ಅಪರಾಧವಾದ ಕಲಂ 27ರಲ್ಲಿ ಹಾಗೂ ಪರವಾನಗಿದಾರರಿಗೆ ಸಂಬಂಧಿಸಿದ ಕಲಂ 26ರಲ್ಲಿ ಮಾತ್ರ ಆ ಅನುಕೂಲ ಉಂಟು. ಹೊಟ್ಟೆಗೆ ಹೋದದ್ದಕ್ಕೆ ಬುದ್ಧಿವಾದ ಸಿಗಬಹುದು, ಜೇಬಿನಲ್ಲಿ ಉಳಿದದ್ದಕ್ಕೆ ಸಿಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿದ ಎರಡು ಮೂರು ವರ್ಷಕ್ಕೆ 18 ತುಂಬುತ್ತದೆ. ಅದರ ಹಿಂದಿನ ದಿನದವರೆಗೆ ಬಾಲ ನ್ಯಾಯ ಮಂಡಳಿ, ಅಲ್ಲಿ ತಪ್ಪು ಸಾಬೀತಾದರೂ ಸಾಮಾನ್ಯವಾಗಿ ಮುಂದಿನ ಬದುಕಿಗೆ ಅನರ್ಹತೆ ಅಂಟುವುದಿಲ್ಲ. ಮಾರನೆಯ ದಿನದಿಂದ ದೊಡ್ಡವರ ಕೋರ್ಟು.

ಕಾಯ್ದೆಯಲ್ಲಿ ಇನ್ನೊಂದು ಬಾಗಿಲು ತೆರೆದಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಕಲಂ 64ಎ. ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಅವನ ಮೇಲೆ ಆ ಅಪರಾಧಕ್ಕೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಒಂದು ವೇಳೆ ಶಿಕ್ಷೆಯೇ ಆಗುವ ಹಂತ ಬಂದರೂ ಕಲಂ 39ರಂತೆ ವ್ಯಸನಿಯನ್ನು ಜೈಲಿಗೆ ಕಳಿಸುವ ಬದಲು, ಅವನ ಒಪ್ಪಿಗೆ ಪಡೆದು ಚಿಕಿತ್ಸೆಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಇಲ್ಲಿ ಒಂದು ತೊಡಕನ್ನು ಗಮನಿಸಿ. ಈ ಎರಡೂ ದಾರಿ ವ್ಯಸನಿಗೆ, ಅಂದರೆ ಅದಕ್ಕೆ ಅಂಟಿಕೊಂಡವನಿಗೆ. ಗೆಳೆಯರ ಒತ್ತಾಯಕ್ಕೆ ಮೊದಲ ಸಲ ಮುಟ್ಟಿದ ಹುಡುಗನಿಗೆ ಅಲ್ಲ. ನಿತ್ಯ ಸೇದುವವನಿಗೆ ಕಾನೂನು ಕೈ ಚಾಚುತ್ತದೆ, ಮೊನ್ನೆ ತಾನೇ ಶುರು ಮಾಡಿದವನಿಗೆ ಚಾಚುವುದಿಲ್ಲ. ಇದು ಬದಲಾಗಬೇಕು, ಅಲ್ಪ ಪ್ರಮಾಣದ ಮೊದಲ ಪ್ರಕರಣಕ್ಕೂ ಪರಿವೀಕ್ಷಣೆಯ ಅವಕಾಶ ಇರಬೇಕು ಎಂಬುದು ನನ್ನ ಸ್ವಂತ ಅಭಿಪ್ರಾಯ. ಒಪ್ಪದವರು ಈ ಸಭೆಯಲ್ಲಿಯೇ ಇರಬಹುದು. ಆದರೆ ಕಾನೂನು ಬದಲಾಗುವ ತನಕ ಇರುವ ಕಾನೂನಿನಲ್ಲಿಯೇ ನಮ್ಮ ಮಕ್ಕಳು ಬದುಕಬೇಕು. ಆದ್ದರಿಂದ "ಒಪ್ಪಿಕೊಳ್ಳುತ್ತೀಯಾ" ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು ವಕೀಲರ ಜೊತೆ ಕೂತು ಕೇಳಬೇಕಾದದ್ದು ಇಷ್ಟು: ತೂಕ ಸರಿಯಾಗಿ ದಾಖಲಾಗಿದೆಯೇ? ವಸ್ತುವಿನ ಮಾದರಿಯನ್ನು ಕಲಂ 52ಎ ಹೇಳುವಂತೆ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ತೆಗೆದಿದ್ದಾರೆಯೇ? 64ಎ ನಮಗೆ ಅನ್ವಯಿಸುತ್ತದೆಯೇ? ಒಪ್ಪಿಕೊಂಡರೆ ಮುಂದೆ ಏನೇನು ತಪ್ಪಿಹೋಗುತ್ತದೆ?

ಆ ಕೊನೆಯ ಪ್ರಶ್ನೆಗೆ ನನ್ನ ಕ್ಷೇತ್ರದಿಂದ ಸ್ವಲ್ಪ ಉತ್ತರ ಹೇಳಬಲ್ಲೆ.

ಸರ್ಕಾರಿ ಕೆಲಸಕ್ಕೆ ಆಯ್ಕೆಯಾದಾಗ ದೃಢೀಕರಣ ನಮೂನೆಯಲ್ಲಿ "ನಿಮ್ಮ ಮೇಲೆ ಪ್ರಕರಣ ಇದೆಯೇ, ಬಂಧನವಾಗಿತ್ತೇ, ಶಿಕ್ಷೆಯಾಗಿತ್ತೇ" ಎಂದು ಕೇಳುತ್ತಾರೆ. "ಇಲ್ಲ" ಎಂದು ಬರೆದು ನಂತರ ಪೊಲೀಸ್ ಪರಿಶೀಲನೆಯಲ್ಲಿ ಹೊರಬಿದ್ದರೆ, ಮೂಲ ಪ್ರಕರಣಕ್ಕಿಂತ ಆ ಸುಳ್ಳೇ ಕೆಲಸ ಕಳೆಯಬಹುದು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಹೇಳಿದೆ. ಮಾಹಿತಿ ನಿಜವಾಗಿರಬೇಕು, ಸಣ್ಣ ಪ್ರಕರಣವನ್ನು ಕ್ಷಮಿಸುವ ವಿವೇಚನೆ ಉದ್ಯೋಗದಾತರಿಗೆ ಇದೆ, ಆದರೆ ಮುಚ್ಚಿಟ್ಟದ್ದು ಹುಡುಗನ ವಿರುದ್ಧವೇ ನಿಲ್ಲಬಹುದು. ಪೊಲೀಸ್, ಸೇನೆಯಂಥ ಶಿಸ್ತಿನ ಇಲಾಖೆಗಳಲ್ಲಿ ಅಳತೆ ಇನ್ನೂ ಕಟ್ಟುನಿಟ್ಟು.

ಖಾಸಗಿ ಕಂಪನಿಗಳೂ ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ನಮ್ಮ ದೇಶದ ನ್ಯಾಯಾಲಯಗಳ ಪ್ರಕರಣಗಳು ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿವೆ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಹಿಂದೆ ಕೋರ್ಟಿನ ಕಡತ ದೂಳು ತಿನ್ನುತ್ತ ಬಿದ್ದಿರುತ್ತಿತ್ತು, ಈಗ ಅದು ಬೆರಳ ತುದಿಯಲ್ಲಿದೆ.

ಪಾಸ್‌ಪೋರ್ಟ್ ವಿಷಯ. 1967ರ ಪಾಸ್‌ಪೋರ್ಟ್ ಕಾಯ್ದೆಯ ಕಲಂ 6ರಂತೆ ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆ ನ್ಯಾಯಾಲಯದ ಅನುಮತಿ ತಂದರೆ ಕೊಡುತ್ತಾರೆ, ಆದರೆ ಸಾಮಾನ್ಯವಾಗಿ ಕಡಿಮೆ ಅವಧಿಗೆ.

ವೀಸಾ ಇನ್ನೂ ಕಷ್ಟ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ ಎಂದು ಹುಡುಗರು ವಾದಿಸುತ್ತಾರೆ. ಆದರೆ ವೀಸಾ ಕೊಡುವುದು ಅಲ್ಲಿನ ಕೇಂದ್ರ ಸರ್ಕಾರದ ವಲಸೆ ಕಾನೂನು. ಆ ಕಾನೂನಿನಲ್ಲಿ ಮಾದಕ ವಸ್ತುವಿನ ಅಪರಾಧಕ್ಕೆ ಶಿಕ್ಷೆಯಾದ ವಿದೇಶಿಯನ್ನು ದೇಶದೊಳಗೆ ಬಿಡದಿರಲು ಅದೇ ಸಾಕಾದ ಕಾರಣ. ಕೆಲವು ಸಲ ಶಿಕ್ಷೆಯೇ ಬೇಡ, ಅಧಿಕಾರಿಯ ಎದುರು ಒಪ್ಪಿಕೊಂಡರೂ ಸಾಕು. ವೀಸಾ ಅರ್ಜಿಯಲ್ಲಿ ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆಯೇ ಇದೆ. ವಿನಾಯಿತಿಗಳಿವೆ, ಆದರೆ ಅವು ಅರ್ಜಿ ಹಾಕಿ, ಕಾದು, ವಕೀಲರಿಗೆ ಹಣ ಕೊಟ್ಟು ಪಡೆಯುವಂಥವು. 40 ಗ್ರಾಂ ಪೊಟ್ಟಣಕ್ಕೆ ಕಟ್ಟಿದ ದಂಡ ಹತ್ತು ವರ್ಷದ ಮೇಲೆ ಅಲ್ಲಿ ಬಡ್ಡಿ ಸಮೇತ ಬರುತ್ತದೆ.

ಇನ್ನು ನಮ್ಮ ಹುಡುಗರು ತಿಳಿಯದೆ ಕಾಲಿಡುವ ನಾಲ್ಕು ಜಾಗಗಳನ್ನು ಹೇಳಿಬಿಡುತ್ತೇನೆ.

ಒಂದು, ಇನ್ನೊಬ್ಬರ ಬ್ಯಾಗು. "ಈ ಚೀಲವನ್ನು ಬಸ್ಸಿನಲ್ಲಿ ತಂದುಕೊಡು, ಎರಡು ಸಾವಿರ ಕೊಡ್ತೀನಿ" ಎಂದರೆ ಅದು ಎರಡು ಸಾವಿರದ ಕೆಲಸವಲ್ಲ. ಚೀಲ 5 ಕೆ.ಜಿ. ತೂಗಿದರೆ 10 ವರ್ಷದವರೆಗಿನ ಶಿಕ್ಷೆಯ ಅಪರಾಧ, 21 ಕೆ.ಜಿ. ತೂಗಿದರೆ 10 ವರ್ಷ ಕನಿಷ್ಠ. ಈ ಕಾಯ್ದೆಯಲ್ಲಿ ವಸ್ತು ನಿಮ್ಮ ವಶದಲ್ಲಿತ್ತು ಎಂದು ಸಾಬೀತಾದರೆ, ಅದು ಗೊತ್ತಿರಲಿಲ್ಲ ಎಂದು ತೋರಿಸುವ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಎರಡು, ಫೋನು. ನಾಲ್ವರು ಗೆಳೆಯರು ಫೋನ್‌ಪೇ, ಗೂಗಲ್ ಪೇಯಲ್ಲಿ ಒಬ್ಬನಿಗೆ ಹಣ ಹಾಕಿ ಅವನು ಎಲ್ಲರಿಗೂ ತಂದರೆ, ಹುಡುಗರ ಲೆಕ್ಕದಲ್ಲಿ ಅದು ಹಂಚಿಕೆ. ತನಿಖಾಧಿಕಾರಿಯ ಕಣ್ಣಿಗೆ ಅದು ಮಾರಾಟದಂತೆ ಕಾಣಬಹುದು, ಕಲಂ 29ರ ಒಳಸಂಚಿನ ಆರೋಪವೂ ಸೇರಬಹುದು. ಅಳಿಸಿದ ಸಂದೇಶ ಅಳಿಸಿಹೋಯಿತು ಎಂದು ನಂಬಬೇಡಿ, ಕಂಪ್ಯೂಟರ್ ಕೆಲಸದವನಾಗಿ ಹೇಳುತ್ತಿದ್ದೇನೆ. ಹಣ ಹೋದದ್ದರ ದಾಖಲೆಯಂತೂ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ.

ಮೂರು, ಅಪ್ಪನ ಬೈಕು. ಸಾಗಣೆಗೆ ಬಳಸಿದ ವಾಹನವನ್ನು ಮುಟ್ಟುಗೋಲು ಹಾಕಬಹುದು. ನನಗೆ ಗೊತ್ತಿರಲಿಲ್ಲ, ನಾನು ಎಚ್ಚರ ವಹಿಸಿದ್ದೆ ಎಂದು ಮಾಲೀಕರೇ ತೋರಿಸಿಕೊಡಬೇಕು.

ನಾಲ್ಕು, ಹೊಲ. ಇದು ಊರಿನವರಿಗೆ. ಗಿಡ ಬೆಳೆಸುವುದಕ್ಕೆ ಅಲ್ಪ ಪ್ರಮಾಣ, ದೊಡ್ಡ ಪ್ರಮಾಣ ಎಂಬ ಭೇದವಿಲ್ಲ, 10 ವರ್ಷದವರೆಗೆ ಸಜೆ. ಜೋಳದ ಸಾಲಿನ ನಡುವೆ ಯಾರೋ ನೆಟ್ಟಿದ್ದು ಕಂಡರೆ ಸುಮ್ಮನಿರಬೇಡಿ. ತನ್ನ ಜಮೀನಿನಲ್ಲಿ ಇಂಥ ಗಿಡ ಬೆಳೆದಿರುವುದು ತಿಳಿದೂ ತಿಳಿಸದಿರುವುದು ಕಲಂ 46ರಂತೆ ಜಮೀನುದಾರನ ತಪ್ಪಾಗುತ್ತದೆ.

ಇದರ ಜೊತೆ ಒಂದು ಮೋಸದ ಎಚ್ಚರಿಕೆ. "ನಿಮ್ಮ ಮಗ ಡ್ರಗ್ಸ್ ಕೇಸಿನಲ್ಲಿ ಸಿಕ್ಕಿದ್ದಾನೆ, ಈಗಲೇ ಹಣ ಹಾಕಿದರೆ ಹೆಸರು ಬಿಡುತ್ತೇವೆ" ಎಂದು ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡುವವರಿದ್ದಾರೆ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿ, ಮಗನಿಗೆ ನೇರವಾಗಿ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ.

ನಿಜವಾಗಿಯೂ ಠಾಣೆಯಿಂದ ಕರೆ ಬಂದರೆ ಏನು ಮಾಡಬೇಕು? ಯಾವ ಠಾಣೆ, ಯಾವ ಕಲಂ, ಎಷ್ಟು ತೂಕ ಎಂಬ ಮೂರನ್ನು ಬರೆದುಕೊಳ್ಳಿ. ದಲ್ಲಾಳಿಗಳ ಕೈಗೆ ಹಣ ಕೊಡಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ, ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ನಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಪ್ರಕರಣವೇ ಇಲ್ಲದೆ, ಮಗನಿಗೆ ಚಟ ಹತ್ತಿದೆ ಎಂಬ ಅನುಮಾನ ಮಾತ್ರ ಇದ್ದರೆ 14446 ವ್ಯಸನಮುಕ್ತಿ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಅಲ್ಲಿಗೆ ಹೋದರೆ ಹುಡುಗನಿಗೆ ಹುಚ್ಚು ಎಂದು ಯಾರೂ ಬರೆದುಕೊಡುವುದಿಲ್ಲ. ಕೇಸು ಆಗುವ ಮೊದಲೇ ಚಿಕಿತ್ಸೆಗೆ ಹೋದವನಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಸಂದರ್ಭವೇ ಬಾರದಿರಬಹುದು.

ಮಕ್ಕಳೇ, ನಿಮಗೂ ಒಂದು ಮಾತು. ಸಿಕ್ಕಿಬಿದ್ದರೆ ಅಪ್ಪನಿಗೆ ಗೊತ್ತಾಗಬಾರದು ಎಂದು ಗೆಳೆಯರ ಮಾತು ಕೇಳಿ ಯಾವುದಕ್ಕೂ ಸಹಿ ಹಾಕಬೇಡಿ, ಯಾವುದನ್ನೂ ಒಪ್ಪಿಕೊಳ್ಳಬೇಡಿ. ಅಪ್ಪನ ಸಿಟ್ಟು ವಾರದಲ್ಲಿ ಇಳಿಯುತ್ತದೆ, ಕೋರ್ಟಿನ ದಾಖಲೆ ಇಳಿಯುವುದಿಲ್ಲ. ತಂದೆ ತಾಯಂದಿರಲ್ಲಿಯೂ ಅಷ್ಟೇ ವಿನಂತಿ: ಮೊದಲ ಫೋನು ನಿಮಗೇ ಬರುವಂತೆ ನಡೆದುಕೊಳ್ಳಿ. ಹೊಡೆಯುತ್ತಾರೆ, ಮನೆಗೆ ಸೇರಿಸುವುದಿಲ್ಲ ಎಂಬ ಹೆದರಿಕೆಯಿದ್ದವನು ಮೊದಲು ಫೋನ್ ಮಾಡುವುದು ದಲ್ಲಾಳಿಗೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಸಲಹೆ. ಪ್ರತಿವರ್ಷ ಹತ್ತನೇ ತರಗತಿಯ ಬೀಳ್ಕೊಡುಗೆಯ ವಾರದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರೊಬ್ಬರನ್ನು ಕರೆಸಿ ಒಂದು ಗಂಟೆ ಮಾತನಾಡಿಸೋಣ. ಕಾನೂನು ಅರಿವು ಮೂಡಿಸುವುದು ಆ ಸಮಿತಿಯ ಕೆಲಸವೇ ಆದ್ದರಿಂದ ನಮಗೆ ಖರ್ಚು ಚಹಾ ತಿಂಡಿಯದು ಮಾತ್ರ. ಅದನ್ನು ನಾನು ನೋಡಿಕೊಳ್ಳುತ್ತೇನೆ. ಇಂಥ ಒಂದು ಗಂಟೆ ನಮ್ಮ ಬ್ಯಾಚಿಗೆ ಇರಲಿಲ್ಲ, ಆಗ ಬೇಕೆಂದೂ ಅನ್ನಿಸಿರಲಿಲ್ಲ. ಈಗ ಬೇಕಾಗಿದೆ.

ಐವತ್ತು ವರ್ಷ ಈ ಶಾಲೆ ನಮಗೆ ಅಕ್ಷರ ಕೊಟ್ಟಿದೆ. ಸಹಿ ಹಾಕುವ ಮೊದಲು ಓದಿ ನೋಡು ಎಂದು ಕಲಿಸಿದ್ದೂ ಇಲ್ಲಿಯ ಮೇಷ್ಟ್ರುಗಳೇ.